ಸಿಸ್ಟರ್ ಆರಿಸಿದ ದೋಣಿ

ಇಂಥದ್ದನ್ನು ಸಾಮಾನ್ಯವಾಗಿ ತೀರಿಕೊಂಡವರ ಬಗ್ಗೆ ಬರೆಯುತ್ತಾರೆ. ನಾನು ಬರೆಯಹೊರಟಿರುವ ಹೆಂಗಸು ಗಟ್ಟಿಮುಟ್ಟಾಗಿದ್ದಾಳೆ. ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ ಕೃಷ್ಣೆಯ ದಂಡೆಗೆ ಸ್ವಂತ ದೋಣಿ ಕಟ್ಟಿಕೊಂಡು, ವಾರಕ್ಕೆರಡು ದಿನ ಅದರಲ್ಲೇ ಇರುತ್ತಾಳೆ. ಹಗ್ಗ ತಾನೇ ಬಿಚ್ಚುತ್ತಾಳೆ, ಎಂಜಿನ್ ತಾನೇ ಚಾಲೂ ಮಾಡುತ್ತಾಳೆ. ಹೆಸರು ಬರೆಯುವುದಿಲ್ಲ. ಆಕೆಯನ್ನು ಹೆಸರು ಹಿಡಿದು ಕರೆಯುವ ಸಲಿಗೆಯನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೇನೆ. ಊರೆಲ್ಲ ಸಿಸ್ಟರ್ ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಆಕೆಯನ್ನು ನೋಡಿದ್ದೆಲ್ಲ ಹೊಟ್ಟೆಕಿಚ್ಚಿನ ಕಣ್ಣಿನಿಂದ. ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ. ಪ್ರೀತಿಸಿದವರು ಅರ್ಧ ಮರೆಯುತ್ತಾರೆ. ಹೊಟ್ಟೆ ಉರಿದವರಿಗೆ ಸೀರೆಯ ಅಂಚೂ ನೆನಪಿರುತ್ತದೆ.

ನದಿ ದಂಡೆಯ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ನಾವಿಬ್ಬರೂ ಹದಿನಾರು ವರ್ಷ ಕೂಡಿ ಕೆಲಸ ಮಾಡಿದೆವು. ನಾನು ಔಷಧಿ ಕೊಡುವ ಕಿಟಕಿಯ ಹಿಂದೆ, ಆಕೆ ಹೆರಿಗೆ ಕೋಣೆಯಲ್ಲಿ. ನಾನು ರಾಯಚೂರಿನ ಅಕ್ಕಿ ಗಿರಣಿಯವರ ಮನೆಯ ಸೊಸೆ. ಮದುವೆಗೆ ಮೊದಲೇ ಫಾರ್ಮಸಿ ಓದಿದ್ದರಿಂದ, ಸರಕಾರಿ ನೌಕರಿ ಮನೆತನಕ್ಕೆ ಒಂದು ಅಂದವೆಂದು ಮಾವನವರು ಒಪ್ಪಿಕೊಂಡಿದ್ದರು. ಆಕೆ ಮಾನ್ವಿ ತಾಲ್ಲೂಕಿನ ಮಲ್ಲಟದ ಕೂಲಿ ಮನೆತನದವಳು. ರಜೆಯಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಿ, ಶಾಲೆ ಶುರುವಾದಾಗ ಓದಿ ಮೇಲೆ ಬಂದವಳು. ಆಕೆಯ ಗಂಡ ನಮ್ಮದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಫಿಟರ್. ಆಕೆ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು, ‘ನೀವು’ ಎನ್ನುತ್ತಿದ್ದಳು. ನಾನು ‘ನೀ’ ಎನ್ನುತ್ತಿದ್ದೆ. ಅದರಲ್ಲಿ ವಿಶೇಷವೇನೂ ಆಗ ಕಂಡಿರಲಿಲ್ಲ.

ನನ್ನ ಕಿಟಕಿಗೆ ಬಂದವರು ಗುಳಿಗೆ ತೆಗೆದುಕೊಂಡು, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿ, ನೆಟ್ಟಗೆ ಹೆರಿಗೆ ಕೋಣೆಯ ಬಾಗಿಲಿಗೆ ಹೋಗುತ್ತಿದ್ದರು. ‘ಸಿಸ್ಟ್ರವ್ವಾ, ಇದನ್ನ ತಗೊಳ್ಳೇನು?’ ಎಂದು ಅಂಗೈ ಬಿಚ್ಚಿ ತೋರಿಸುತ್ತಿದ್ದರು. ಆಕೆ ನೋಡಿ ‘ಅಕ್ಕಾರು ಕೊಟ್ಟಾರಲ್ಲ, ತಗೋ’ ಎನ್ನುತ್ತಿದ್ದಳು. ನನ್ನ ಗುಳಿಗೆಗೆ ಆಕೆಯ ಮೊಹರು ಬೀಳಬೇಕಿತ್ತು. ದಿನಕ್ಕೆ ಇಪ್ಪತ್ತು ಸಲ ಇದನ್ನು ಕಿಟಕಿಯಿಂದ ನೋಡುತ್ತಿದ್ದೆ.

ಆಕೆಯ ಬಳಿ ಒಂದು ಮಾತಿತ್ತು: ‘ಮತ್ತ?’ ಯಾರೇ ಬಂದು ಏನೇ ಹೇಳಲಿ, ಪೂರ್ತಿ ಕೇಳಿ, ಮುಖ ನೋಡಿಕೊಂಡು ‘ಮತ್ತ?’ ಎನ್ನುತ್ತಿದ್ದಳು. ಒಬ್ಬ ಹೆಂಗಸು ಬಂದು ತಲೆನೋವೆಂದಳು. ‘ಮತ್ತ?’ ನಿದ್ದೆ ಬರುವುದಿಲ್ಲವೆಂದಳು. ‘ಮತ್ತ?’ ಆಗ ಆ ಹೆಂಗಸು ಸೆರಗು ಸರಿಸಿ, ಬೆನ್ನ ಮೇಲಿನ ಬರೆ ತೋರಿಸಿದಳು. ಅದೇ ಹೆಂಗಸು ಮೂರು ಸಲ ನನ್ನ ಕಿಟಕಿಗೆ ಬಂದು ತಲೆನೋವಿನ ಗುಳಿಗೆ ಒಯ್ದಿದ್ದಳು.

ಇನ್ನೊಂದು ಅಭ್ಯಾಸ, ಎಲ್ಲವನ್ನೂ ಜೋಡಿ ಇಟ್ಟುಕೊಳ್ಳುವುದು. ಎರಡು ಪೆನ್ನು, ಎರಡು ಬ್ಯಾಟರಿ, ಎರಡು ಕತ್ತರಿ. ‘ಹೆರಿಗಿ ನಡದಾಗ ಒಂದು ಕೆಟ್ಟಿತು ಅಂದ್ರ ಯಾರನ್ನ ಕೇಳಾಕ ಹೋಗೂದ್ರೀ?’ ಎನ್ನುತ್ತಿದ್ದಳು. ಹದಿನಾರು ವರ್ಷದಲ್ಲಿ ಆಕೆ ಏನಾದರೂ ಎರವಲು ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ಕೇಂದ್ರಕ್ಕೆ ಸೇರಿದ ಎರಡು ಊರು ನದಿಯ ನಡುಗಡ್ಡೆಯಲ್ಲಿದ್ದವು. ಲಸಿಕೆ ಹಾಕಲು ತೆಪ್ಪದಲ್ಲೇ ಹೋಗಬೇಕು. ನಾನು ಒಮ್ಮೆ ಮಾತ್ರ ಹೋಗಿದ್ದೇನೆ. ದುಂಡನೆಯ ತೆಪ್ಪದಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ, ಸೀರೆಯ ಹಿಂಭಾಗ ನೀರಲ್ಲಿ ನೆನೆಸಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದೆ. ಆಕೆ ಲಸಿಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನದಿಯನ್ನು ನೋಡುತ್ತಿದ್ದಳು.

‘ಒಂದಿನ ಈ ನೀರಿನ ಮ್ಯಾಲ ಕಾಲು ಚಾಚಿ ಕೂಡ್ತೀನ್ರೀ ಅಕ್ಕಾರ,’ ಎಂದಳು. ‘ಬೆನ್ನಿಗೊಂದು ದಿಂಬು ಇಟ್ಕೊಂಡು.’

ನಾನು ನಕ್ಕೆ. ಆಕೆ ನಗಲಿಲ್ಲ.

ನಾನು ನಿವೃತ್ತಳಾದ ಮರುವರ್ಷ ಆಕೆಯೂ ನಿವೃತ್ತಳಾದಳು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮುಂದೇನು ಮಾಡುತ್ತೀರೆಂದು ಎಲ್ಲರೂ ಕೇಳಿದರು. ‘ನೌಕರಿ ಬಿಟ್ಟಾಗ ಬಂದ ರೊಕ್ಕದಾಗ ದೋಣಿ ತರಸ್ತೀನಿ,’ ಎಂದಳು. ಡಾಕ್ಟರಿಗೆ ಬಹಳ ಸಂತೋಷವಾಯಿತು. ಹೊರಜಿಲ್ಲೆಯವರು, ಒಳ್ಳೆಯ ಮನುಷ್ಯ. ‘ನಡುಗಡ್ಡೆಯ ಬಾಣಂತಿಯರಿಗೆ ಎಷ್ಟು ಅನುಕೂಲ ಆಗುತ್ತೆ ಸಿಸ್ಟರ್,’ ಎಂದರು.

‘ಅವರಿಗಲ್ರೀ ಸರ್,’ ಎಂದಳು. ‘ಅವರಿಗೆ ಮೂವತ್ತೊಂದು ವರ್ಷ ಮಾಡೀನಿ. ಇದು ನನಗ. ಯಾರರೆ ಹೆರಿಗಿ ಬ್ಯಾನಿ ತಿನ್ನಾಕತ್ತಿದ್ರ ದಾಟಿಸ್ತೀನಿ, ಅದು ಬ್ಯಾರೆ. ಆದ್ರ ದೋಣಿ ನನಗ.’

ಸಭೆ ಒಂದು ಕ್ಷಣ ಪೆಚ್ಚಾಯಿತು. ನಾನು ಮುಂದಿನ ಸಾಲಿನಲ್ಲಿದ್ದೆ. ‘ನನಗ’ ಎಂಬ ಪದವನ್ನು ಅಷ್ಟು ಜನರ ಎದುರು, ಅಷ್ಟು ಸಲೀಸಾಗಿ ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಮನೆಗೆ ಬಂದರೆ ಸುದ್ದಿ ಆಗಲೇ ಬಂದಿತ್ತು. ‘ನಮ್ಮ ಫಿಟರ್ ದೋಣಿ ತರಸ್ತಾನಂತ!’ ಎಂದು ನನ್ನ ಗಂಡ ತೊಡೆ ತಟ್ಟಿಕೊಂಡು ನಗುತ್ತಿದ್ದರು.

‘ಫಿಟರ್ ಅಲ್ಲ, ಅವನ ಹೆಂಡತಿ,’ ಎಂದೆ.

‘ಎಲ್ಲಾ ಒಂದ ಬಿಡು.’

ಒಂದೇ ಅಲ್ಲವೆಂದು ನನಗೆ ಗೊತ್ತಿತ್ತು. ನೋವಿದ್ದದ್ದೇ ಅಲ್ಲಿ.

ಗಂಡ ಹೆಂಡತಿ ಇಬ್ಬರೂ ಗೋವಾಕ್ಕೆ ಹೋಗಿ, ದೋಣಿ ಮಾಡುವ ಒಂದು ಕಾರ್ಖಾನೆ ನೋಡಿಕೊಂಡು ಬಂದರು. ಇಬ್ಬರು ಮಲಗುವಷ್ಟು ಕೋಣೆಯಿರುವ, ಎಂಜಿನ್ನಿನ ಮೇಲೆ ಓಡುವ, ನಾಲ್ಕು ದಿನ ನೀರಿನ ಮೇಲೇ ಇರಬಹುದಾದಂಥ ದೋಣಿ. ಹೊರಮೈ ಒಂದೇ ನಮೂನೆ. ಒಳಗೆ ಏನೇನು ಬೇಕೆಂದು ಕೊಳ್ಳುವವರೇ ಆರಿಸಬೇಕು. ಅದಕ್ಕೆ ಕಾರ್ಖಾನೆಯವರು ಹನ್ನೆರಡು ಪುಟದ ಪಟ್ಟಿ ಕೊಟ್ಟಿದ್ದರು, ಪೂರಾ ಇಂಗ್ಲಿಷಿನಲ್ಲಿ. ಒಂದು ಭಾನುವಾರ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

‘ನನಗ ದವಾಖಾನಿ ಇಂಗ್ಲಿಷ್ ಬರ್ತದ, ದೋಣೀದು ಬರಂಗಿಲ್ಲ. ನೀವು ಓದಿ ಹೇಳ್ರಿ ಅಕ್ಕಾರ.’

‘ಎಂಜಿನ್ ಮೊದಲು ಓದಲೇನು?’

‘ಪಾಯಖಾನಿ ಮೊದಲು ಓದ್ರಿ.’

ಪಾಯಖಾನೆ ಒಂಬತ್ತನೆಯ ಪುಟದಲ್ಲಿತ್ತು. ಎರಡು ನಮೂನೆ. ಒಂದು ಮಂಚದ ಕೆಳಗಿಂದ ಎಳೆದುಕೊಳ್ಳುವುದು, ಸುತ್ತ ಒಂದು ಪರದೆ. ಇನ್ನೊಂದು ಪ್ರತ್ಯೇಕ ಕೋಣೆ; ಆದರೆ ಅದನ್ನು ಆರಿಸಿದರೆ ಒಂದು ಮಂಚ ಅರ್ಧ ಅಡಿ ಗಿಡ್ಡವಾಗುತ್ತದೆ. ‘ಕೋಣಿ ಬೇಕು,’ ಎಂದಳು. ‘ಚಿಲಕ ಒಳಗಿಂದ ಇರಬೇಕು. ಗಟ್ಟಿ ಇರಬೇಕು. ಗಿಡ್ಡ ಮಂಚದ ಮ್ಯಾಲ ನಾ ಮಲಗ್ತೀನಿ.’ ಹಳ್ಳಿ ಹಳ್ಳಿ ತಿರುಗುವ ಕೆಲಸದಲ್ಲಿ, ದಿನವಿಡೀ ಹೋಗಲು ಜಾಗವಿಲ್ಲದ್ದಕ್ಕೆ, ಬೇಸಿಗೆಯಲ್ಲೂ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದಳೆಂಬುದು ಆಗ ನನಗೆ ನೆನಪಾಯಿತು.

ಎಂಜಿನ್ನಿನ ಮಾತು ಬಂದಾಗ ಆಕೆಯ ಗಂಡನೂ ಇದ್ದ. ಡೀಸೆಲ್ ಎಂಜಿನ್ ದೋಣಿಯ ಹೊಟ್ಟೆಯೊಳಗಿರುವುದು ಒಂದು; ಪೆಟ್ರೋಲಿನದು, ಬೆನ್ನಿಗೆ ತೂಗುಬಿಡುವುದು ಇನ್ನೊಂದು. ‘ಡೀಸೆಲ್ ತಗೋ,’ ಎಂದ. ‘ನಾ ಬಿಚ್ಚಿ ಜೋಡಸ್ತೀನಿ. ಒಂದು ಬೋಲ್ಟ್ ಹೊರಗಿನವರ ಕೈಗೆ ಕೊಡಂಗಿಲ್ಲ.’ ಆಕೆ ಎರಡು ವಾರ ಗೂಗಲ್‌ನ ಮೀನುಗಾರರ ಹತ್ತಿರ ಹೋಗಿ ಕುಳಿತಳು. ಬೇಸಿಗೆಯಲ್ಲಿ ಬಂಡೆ ಎಲ್ಲೆಲ್ಲಿ ಮೇಲೇಳುತ್ತವೆ, ಮರಳು ಎಲ್ಲಿ ಸರಿಯುತ್ತದೆ, ಎಲ್ಲ ಕೇಳಿಕೊಂಡು ಬಂದಳು. ‘ತೂಗುಬಿಡೂದ ಬೇಕ್ರೀ,’ ಎಂದು ಗಂಡನಿಗೆ ಹೇಳಿದಳು. ‘ನೀರು ಕಡಿಮಿ ಇದ್ದಲ್ಲಿ ಮ್ಯಾಲ ಎತ್ತಿಕೊಬಹುದು. ಹೊಟ್ಟ್ಯಾಗಿಂದು ಎತ್ತಾಕ ಬರಂಗಿಲ್ಲ.’

‘ಹೌದಲ್ಲ,’ ಎಂದ. ‘ನನಗ ಹೊಳೀಲಿಲ್ಲ ನೋಡು.’ ಎಂದು ನಕ್ಕುಬಿಟ್ಟ. ಮೂವತ್ತೈದು ವರ್ಷದ ಸಂಸಾರದಲ್ಲಿ ‘ನನಗ ಹೊಳೀಲಿಲ್ಲ’ ಎಂಬ ಮಾತನ್ನು ನನ್ನ ಗಂಡನ ಬಾಯಿಂದ ನಾನು ಕೇಳಿಲ್ಲ. ಚಹಾ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಹೀಗೆ ಭಾನುವಾರದ ಮೇಲೆ ಭಾನುವಾರ. ಟಿವಿ ಬೇಡ, ಹಾಡಿನ ಪೆಟ್ಟಿಗೆ ಬೇಡ, ಫ್ರಿಜ್ ಬೇಡ. ಒಂದೇ ಉರಿಯ ಗ್ಯಾಸ್ ಒಲೆ ಸಾಕು, ಆದರೆ ದೋಣಿ ಅಲುಗಾಡಿದರೆ ಪಾತ್ರೆ ಜಾರದಂತೆ ಸುತ್ತ ಕಟಾಂಜನ ಬೇಕು. ನೀರಿನ ಆಳ ತೋರಿಸುವ ಯಂತ್ರ ಬೇಕು. ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪು ಎರಡು. ಒಂದು ಬ್ಯಾಟರಿಯದು, ಒಂದು ಕೈಯದು. ಲಂಗರು, ಕಾರ್ಖಾನೆಯವರು ಹೇಳಿದ್ದಕ್ಕಿಂತ ಒಂದು ಅಳತೆ ದೊಡ್ಡದು. ಅದೂ ಎರಡು. ನೀರಿಗೆ ಬಿದ್ದವರು ಹತ್ತಿ ಬರಲು ಏಣಿ. ದೊಡ್ಡ ಎಂಜಿನ್ನಿನ ಪಕ್ಕದಲ್ಲೊಂದು ಸಣ್ಣ ಎಂಜಿನ್, ದೊಡ್ಡದು ಕೈಕೊಟ್ಟರೆ ದಂಡೆ ಮುಟ್ಟಿಸುವಷ್ಟು.

ಕುರ್ಚಿಯ ಬಟ್ಟೆಯ ಚೂರುಗಳು ಅಂಚೆಯಲ್ಲಿ ಬಂದವು, ಹದಿನಾಲ್ಕು ಬಣ್ಣ. ನನಗೆ ದಾಳಿಂಬೆ ಕೆಂಪು ಇಷ್ಟವಾಯಿತು. ಆಕೆ ಹದಿನಾಲ್ಕು ಚೂರುಗಳನ್ನೂ ಸಾಲಾಗಿ ಹಾಸಿ, ಪ್ರತಿಯೊಂದಕ್ಕೂ ಚಹಾ ಸುರಿದಳು, ಅರಿಶಿನ ತಿಕ್ಕಿದಳು, ಶೇಂಗಾ ಎಣ್ಣೆ ಸವರಿದಳು. ಒಂದು ದಿನ ಬಿಸಿಲಿಗಿಟ್ಟು, ಒದ್ದೆ ಅರಿವೆಯಿಂದ ಒರೆಸಿದಳು. ಕಲೆ ಪೂರಾ ಹೋದದ್ದು ಒಂದೇ, ಕೆಸರು ಬಣ್ಣದ್ದು. ‘ಇದ,’ ಎಂದಳು. ನನ್ನ ದಾಳಿಂಬೆ ಕೆಂಪಿನ ಮೇಲೆ ಅರಿಶಿನ ಶಾಶ್ವತವಾಗಿ ಕುಳಿತಿತ್ತು.

ಎಲ್ಲ ಆರಿಸಿ ಮುಗಿದ ಮೇಲೆ, ರಾಯಚೂರಿನ ತಮ್ಮ ಮನೆಯ ಮಾಳಿಗೆಗೆ ನನ್ನನ್ನು ಕರೆದಳು. ಗಂಡ ಟೇಪು ಹಿಡಿದು, ರಂಗೋಲಿ ಪುಡಿಯಿಂದ ದೋಣಿಯನ್ನು ಇದ್ದಷ್ಟೇ ಅಳತೆಗೆ ನೆಲದ ಮೇಲೆ ಬರೆದಿದ್ದ. ಮೂತಿ, ಮಂಚ, ಒಲೆ, ಪಾಯಖಾನೆಯ ಬಾಗಿಲು, ಎರಡು ಎಂಜಿನ್. ಆಕೆ ಬಾಗಿಲಿದ್ದ ಕಡೆಯಿಂದಲೇ ಒಳಗೆ ಬಂದಳು, ಗೆರೆ ತುಳಿಯಲಿಲ್ಲ. ಸ್ಟೂಲಿನ ಮೇಲೆ ಕುಳಿತು ಕೊಡದ ಮುಚ್ಚಳವನ್ನು ಚಕ್ರದಂತೆ ಹಿಡಿದಳು. ಮುಂದಿನ ಗಾಜು ಎಷ್ಟು ಎತ್ತರವೋ ಅಷ್ಟಕ್ಕೆ ಗಂಡ ಒಂದು ಹಲಗೆ ಹಿಡಿದು ನಿಂತ. ಆಕೆ ಕುಳ್ಳಿ.

‘ಕಾಣವಲ್ದು,’ ಎಂದಳು. ‘ಕುರ್ಚಿ ನಾಕು ಬೆರಳು ಎತ್ತರ ಮಾಡಂತ ಬರೀರಿ ಅಕ್ಕಾರ.’

ಬರೆದುಕೊಂಡೆ. ಆಕೆ ಹೋಗಿ ಗಿಡ್ಡ ಮಂಚದ ಗೆರೆಗಳೊಳಗೆ ಮಲಗಿ, ಕಾಲು ಚಾಚಿದಳು. ‘ನೀವೂ ಬರ್ರಿ, ಅದರಾಗ ಮಲಗ್ರಿ,’ ಎಂದು ಇನ್ನೊಂದು ಮಂಚ ತೋರಿಸಿದಳು. ‘ಮಲಗ್ರಿ ಅಮ್ಮಾರ, ಇಬ್ಬರು ಮಲಗಿದ್ರ ನಡುವ ತಿರುಗಾಡಾಕ ಆಗ್ತದೋ ಇಲ್ಲೋ ನೋಡಬೇಕು,’ ಎಂದ ಗಂಡ. ಮಲಗಿದೆ. ಮಾಳಿಗೆ ಇನ್ನೂ ಬೆಚ್ಚಗಿತ್ತು. ಎಲ್ಲೋ ಗಿರಣಿಯ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಆಕೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಇನ್ನೂ ಹುಟ್ಟದ ದೋಣಿಯಲ್ಲಿ ಆಕೆ ಆಗಲೇ ಹೋಗುತ್ತಿದ್ದಳು. ನಾನು ಬರೀ ಮಾಳಿಗೆಯ ಮೇಲೆ ಮಲಗಿದ್ದೆ.

ಅಂದು ಮನೆಗೆ ಬಂದರೆ ನನ್ನ ಅಡುಗೆಮನೆಯ ಕಟ್ಟೆ ಒಡೆದು ಹಾಕಿದ್ದರು. ಹೊಸ ಕರಿ ಕಲ್ಲು ಗೋಡೆಗೊರಗಿ ನಿಂತಿತ್ತು. ಮಿನುಗುವ ಕರಿ. ಕತ್ತಲೆಯನ್ನು ಕತ್ತರಿಸಿ ತಂದಂತಿತ್ತು.

‘ನನ್ನನ್ನೊಂದು ಮಾತು ಕೇಳಬೇಕಿತ್ತು,’ ಎಂದೆ.

‘ಕೇಳೂದೇನದ ಅದರಾಗ? ಚಲೋ ಕಲ್ಲದ,’ ಎಂದು ಗಂಡ ಪೇಪರು ತಿರುವಿದರು.

ಆ ಮನೆಯಲ್ಲಿ ಪರದೆಯ ಬಟ್ಟೆಯಿಂದ ಹಿಡಿದು ನನ್ನ ಮಗಳ ಹೆಸರಿನವರೆಗೆ ನಾನು ಆರಿಸಿದ್ದು ಏನಿದೆಯೆಂದು ಹುಡುಕಿದೆ. ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಪತ್ರ ಟೈಪು ಮಾಡಲು ಕುಳಿತೆ. ಒಂದೊಂದಾಗಿ ಬರೆದೆ. ಪಾಯಖಾನೆ, ಚಿಲಕ, ಕುರ್ಚಿ ನಾಲ್ಕು ಬೆರಳು ಎತ್ತರ, ಲಂಗರು ಎರಡು. ಕೊನೆಗೆ ಸಣ್ಣ ಎಂಜಿನ್ ಬರೆದೆ. ಬರೆದು, ನೋಡಿ, ಅಳಿಸಿದೆ. ಕೈ ತಪ್ಪಿ ಆದದ್ದಲ್ಲ. ಆಕೆ ಕೇಳಿದ್ದರಲ್ಲಿ ಒಂದಾದರೂ ಬರಬಾರದು ಎಂದೇ ಅಳಿಸಿದೆ.

ಮಧ್ಯಾಹ್ನ ಆಕೆ ಬಂದಳು. ‘ಓದಿ ನೋಡು,’ ಎಂದೆ. ಓದಲೆಂದೇ ನಾನು ಆಸೆಪಟ್ಟೆನೋ ಏನೋ. ‘ನೀವು ಬರದೀರಿ ಅಂದ್ರ ನೋಡೂದೇನದ,’ ಎಂದು ಸಹಿ ಮಾಡಿದಳು.

ಮಳೆಗಾಲಕ್ಕೆ ಮುಂಚೆ ದೋಣಿ ಲಾರಿಯ ಮೇಲೆ ಬಂತು. ಗೂಗಲ್‌ನ ದಂಡೆಯಲ್ಲಿ ಜನವೋ ಜನ. ಅಲ್ಲಮಪ್ರಭುವಿನ ಗುಡಿಗೆ ಬಂದವರೂ ಇತ್ತ ಬಂದು ನಿಂತರು. ಕ್ರೇನು ಅದನ್ನು ಎತ್ತಿ ನೀರಿಗೆ ಇಳಿಸಿದಾಗ ಫಿಟರ್ ಅತ್ತುಬಿಟ್ಟ. ಆಕೆ ಅಳಲಿಲ್ಲ. ದೋಣಿಯ ಸುತ್ತ ಒಂದು ಸಲ ಕಣ್ಣಾಡಿಸಿ, ಅದರ ಹಿಂಬದಿಗೆ ಬಂದು ನಿಂತಳು.

‘ಸಣ್ಣ ಎಂಜಿನ್ ಎಲ್ಲ್ಯದ ಅಕ್ಕಾರ?’

‘ಕಳಸೂದು ಮರತಿರಬೇಕು,’ ಎಂದೆ. ‘ನಾ ಬರೀತೀನಿ ಅವರಿಗೆ.’

ಬರೆಯಲಿಲ್ಲ. ಎರಡು ವಾರಕ್ಕೊಮ್ಮೆ ಕೇಳುತ್ತಿದ್ದಳು. ಬರೆದಿದ್ದೇನೆ, ಉತ್ತರ ಬಂದಿಲ್ಲ ಎನ್ನುತ್ತಿದ್ದೆ. ಮೊದಲ ಸುಳ್ಳಿಗೆ ಎದೆ ಹೊಡೆದುಕೊಂಡಿತ್ತು. ನಾಲ್ಕನೆಯದಕ್ಕೆ ಏನೂ ಆಗಲಿಲ್ಲ. ಆ ದಿನಗಳಲ್ಲಿ ಆಕೆ ದಂಡೆ ಬಿಟ್ಟು ದೂರ ಹೋಗುತ್ತಿರಲಿಲ್ಲ. ಅದನ್ನು ಕಂಡು ನನಗೆ ಒಳಗೊಳಗೇ ಒಂದು ಸಮಾಧಾನವಿತ್ತು ಎಂಬುದನ್ನೂ ಬರೆಯಬೇಕು.

ಎರಡು ತಿಂಗಳಾದ ಮೇಲೆ ಫಿಟರ್‌ನ ಒತ್ತಾಯಕ್ಕೆ ಒಪ್ಪಿದಳು. ನದಿಯ ಮೇಲ್ಗಡೆ ಸ್ವಲ್ಪ ದೂರ ಹೋಗಿ, ಉಂಡು ಬರುವುದು. ನನ್ನನ್ನೂ ಕರೆದಳು. ಹೇಗೆ ಒಲ್ಲೆನ್ನಲಿ? ದಂಡೆಯ ಕೆಳಗೆ ನದಿಗೆ ಅಡ್ಡಲಾಗಿ ಬ್ಯಾರೇಜು ಇದೆ; ಅದರ ಗೇಟು ಎತ್ತಿದರೆ ನೀರು ದೋಣಿಯನ್ನೂ ಸೆಳೆದುಕೊಂಡು ಹೋಗುತ್ತದೆ. ಹೊರಡುವ ಮೊದಲು ಫೋನು ಮಾಡಿ, ಗೇಟು ಸಂಜೆ ಐದಕ್ಕೆ ಎತ್ತುತ್ತಾರೆಂದು ತಿಳಿದುಕೊಂಡಳು. ಮೂರೂವರೆಗೆಲ್ಲ ದಂಡೆಗೆ ಬಂದುಬಿಡಬೇಕೆಂದು ಲೆಕ್ಕ. ಮೂವರಿಗೂ ನೀರಿನಲ್ಲಿ ತೇಲಿಸುವ ಜಾಕೀಟು ತಾನೇ ತೊಡಿಸಿದಳು.

ಹೋಗುವಾಗ ಎಲ್ಲ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಚಕ್ರದ ಹಿಂದೆ ಎತ್ತರದ ಕುರ್ಚಿಯಲ್ಲಿ ಕುಳಿತು, ಆಳದ ಯಂತ್ರದ ಮೇಲೊಂದು ಕಣ್ಣು, ನೀರಿನ ಮೇಲೊಂದು ಕಣ್ಣು ಇಟ್ಟಿದ್ದಳು. ನಿಲ್ಲಿಸಿದ ಮೇಲೆ ರೊಟ್ಟಿ, ಪುಂಡಿಪಲ್ಯ ಉಂಡೆವು. ಉಂಡ ಮೇಲೆ ಫಿಟರ್ ಚಕ್ರದ ಹತ್ತಿರ ಕುಳಿತ. ಆಕೆ ಕೆಸರು ಬಣ್ಣದ ಮೆತ್ತೆಗೆ ಒರಗಿ, ಬೆನ್ನಿಗೆ ದಿಂಬಿಟ್ಟುಕೊಂಡು ಕಾಲು ಚಾಚಿದಳು. ಅರ್ಧ ಗಂಟೆ ಹಾಗೇ ನೀರು ನೋಡಿದಳು. ಅಷ್ಟು ತೃಪ್ತಿಯಾದ ಮುಖವನ್ನು ನಾನು ಆಮೇಲೂ ನೋಡಿಲ್ಲ.

ಹಿಂದಿರುಗುವಾಗ, ಬ್ಯಾರೇಜಿನ ಸೇತುವೆ ದೂರದಲ್ಲಿ ಕಾಣುತ್ತಿದ್ದಾಗ, ದೋಣಿಯ ಹಿಂದೆ ಏನೋ ಧಡ್ಡನೆ ಬಡಿಯಿತು. ಎಂಜಿನ್ ಒಮ್ಮೆ ಕಿರುಚಿ ನಿಂತಿತು. ಮೇಲಿನ ಮಳೆಗೆ ತೇಲಿಬಂದ ದೊಡ್ಡ ಮರದ ಬೊಡ್ಡೆ, ನೀರಿನ ಮಟ್ಟಕ್ಕೆ ಅಡಗಿಕೊಂಡಿತ್ತು. ಫಿಟರ್ ಎಂಜಿನ್ ಮೇಲೆತ್ತಿ ನೋಡಿದ. ‘ಪಂಖ ಅಲ್ಲ,’ ಎಂದ. ‘ಪಂಖ ಹೋಗಿದ್ರ ಇನ್ನೊಂದದ. ಪಂಖ ಕೂಡಿಸೂ ಕೆಳಗಿನ ಕಾಲ ಮುರದದ.’

ದೋಣಿ ಅಡ್ಡ ತಿರುಗಿ ಸೇತುವೆಯ ಕಡೆಗೆ ಸಾಗತೊಡಗಿತು. ಜೋರಾಗಿ ಅಲ್ಲ. ಮೆಲ್ಲಗೆ, ಯಾರೋ ಕೈಹಿಡಿದು ಕರೆದೊಯ್ದಂತೆ. ಆಕೆ ಓಡಲಿಲ್ಲ. ಮೂತಿಗೆ ಹೋಗಿ ಲಂಗರು ಬಿಟ್ಟಳು. ಅದು ಮರಳನ್ನು ಕೆರೆಯುತ್ತ ಬಂತು, ಕಚ್ಚಲಿಲ್ಲ. ಎರಡನೆಯದನ್ನು ಬಿಟ್ಟಳು. ಸರಪಳಿ ಬಿಗಿಯಾಗಿ, ದೋಣಿ ಒಮ್ಮೆ ಜಗ್ಗಿ ನಿಂತಿತು. ಗಡಿಯಾರ ನೋಡಿದಳು. ಮೂರೂಕಾಲು. ಗೇಟು ಎತ್ತುವವರಿಗೆ ಫೋನು ಹಚ್ಚಿದಳು, ಯಾರೂ ಎತ್ತಲಿಲ್ಲ. ಆಮೇಲೆ ದಂಡೆಯ ಮೀನುಗಾರನಿಗೆ ಹಚ್ಚಿದಳು. ‘ತಮ್ಮಾ, ಹಗ್ಗ ತಗೊಂಡು ಬಾ. ಉದ್ದಂದು.’

ಕಾಯುತ್ತ ಕುಳಿತೆವು. ಫಿಟರ್ ಹಿಂದಿನ ಖಾಲಿ ಜಾಗವನ್ನೇ ನೋಡುತ್ತಿದ್ದ. ‘ಸಣ್ಣ ಎಂಜಿನ್ ಇದ್ದಿದ್ರ ಇಷ್ಟೊತ್ತಿಗೆ ದಂಡಿಗೆ ಹೋಗಿರ್ತಿದ್ವಿ,’ ಎಂದ.

‘ಕಾರ್ಖಾನಿಯವರ ನಂಬರ್ ಕೊಡ್ರಿ ಅಕ್ಕಾರ,’ ಎಂದಳು ಆಕೆ. ‘ಎರಡು ತಿಂಗಳಾತು. ಇವತ್ತು ಬಿಡಂಗಿಲ್ಲ ಅವರನ್ನ.’

ಕೈಚೀಲದಲ್ಲಿ ಫೋನಿತ್ತು. ತೆಗೆಯಲಿಲ್ಲ.

‘ಅವರ ತಪ್ಪಲ್ಲ,’ ಎಂದೆ. ‘ಪತ್ರದಾಗ ನಾ ಅದನ್ನ ಬರದಿದ್ದಿಲ್ಲ.’

‘ಮರತ್ರೇನು?’

‘ಇಲ್ಲ. ಬರದು ಅಳಿಸಿದೆ. ಆಮ್ಯಾಲೂ ಅವರಿಗೆ ಬರದಿಲ್ಲ. ಸುಳ್ಳು ಹೇಳಿದೆ.’

ಆಕೆ ನನ್ನ ಮುಖ ನೋಡಿದಳು. ‘ಮತ್ತ?’

‘ನಿನ್ನ ಮ್ಯಾಲ ಹೊಟ್ಟಿಕಿಚ್ಚು ಬಂದಿತ್ತು. ಒಂದೊಂದು ಚಿಲಕಾನೂ ನೀನ ಆರಿಸ್ತಿದ್ದಿ. ನನ್ನ ಮನ್ಯಾಗ ನಾ ಏನೂ ಆರಿಸಿಲ್ಲ.’

‘ಮತ್ತ?’

‘ಮತ್ತೇನಿಲ್ಲ. ಅಷ್ಟ.’

ನೀರು ದೋಣಿಯ ಪಕ್ಕೆಗೆ ತಟ್ಟುತ್ತಿತ್ತು. ಫಿಟರ್ ಬೇರೆ ಕಡೆ ಮುಖ ತಿರುಗಿಸಿಕೊಂಡ. ಆಕೆ ಎದ್ದು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. ನನ್ನ ಜಾಕೀಟಿನ ಪಟ್ಟಿ ಸಡಿಲವಾಗಿದ್ದನ್ನು ನೋಡಿ, ಎಳೆದು ಬಿಗಿ ಮಾಡಿದಳು.

‘ಇವರಿಗೆ ಈಜು ಬರಂಗಿಲ್ಲ,’ ಎಂದಳು, ಗಂಡನ ಕಡೆ ಕೈಮಾಡಿ. ‘ಅದು ನಿಮಗ ಗೊತ್ತಿತ್ತು.’

ಗೊತ್ತಿತ್ತು.

ಅಷ್ಟರಲ್ಲಿ ತೆಪ್ಪಗಳು ಕಂಡವು. ಒಬ್ಬನಿಗೆ ಫೋನು ಮಾಡಿದ್ದಳು, ಐದು ತೆಪ್ಪ ಬಂದವು. ಹುಟ್ಟು ಹಾಕುತ್ತಿದ್ದವರಲ್ಲಿ ಇಬ್ಬರು ಆಕೆಯ ಕೈಯಲ್ಲೇ ಹುಟ್ಟಿದವರಂತೆ, ಕೂಗಿ ಹೇಳಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲೂ, ನನ್ನ ತಪ್ಪಿನ ನಡುವೆ ಕುಳಿತು, ನಾನು ಫೋನು ಮಾಡಿದ್ದರೆ ಎಷ್ಟು ಜನ ಬರುತ್ತಿದ್ದರು ಎಂದು ಲೆಕ್ಕ ಹಾಕಿದೆ. ಮನಸ್ಸು ಅಷ್ಟು ಕೆಟ್ಟದ್ದು. ಅವರು ಹಗ್ಗದ ತುದಿಯನ್ನು ದಂಡೆಗೆ ಒಯ್ದರು. ಅಲ್ಲಿ ಇಪ್ಪತ್ತು ಮಂದಿ ಕೂಡಿ ಎಳೆದರು. ಗೇಟಿನ ಸೈರನ್ನು ಕೂಗುವ ಹೊತ್ತಿಗೆ ನಮ್ಮ ಕಾಲು ನೆಲದ ಮೇಲಿತ್ತು.

ಆಕೆ ಎಳೆದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮಾತಾಡಿಸಿದಳು. ಕೊನೆಗೆ ನನ್ನ ಹತ್ತಿರ ಬಂದು, ‘ಮೇಡಮ್, ಬಸ್ಸು ಐದೂವರಿಗದ,’ ಎಂದಳು. ‘ನಿಲ್ದಾಣದ ತನಕ ಇವರು ಬರ್ತಾರ.’

ಹದಿನಾರು ವರ್ಷದ ‘ಅಕ್ಕಾರ’ ಅಲ್ಲಿಗೆ ಮುಗಿಯಿತು. ಫಿಟರ್ ನನ್ನ ಜೊತೆ ನಡೆದ. ಬಸ್ಸು ಹತ್ತುವಾಗ ಮಾತ್ರ ಅಭ್ಯಾಸಬಲದಿಂದ ‘ಸಾವಕಾಶ ಅಮ್ಮಾರ’ ಎಂದ.

ಊರಿಗೆಲ್ಲ ಹೇಳುತ್ತಾಳೆಂದು ಕಾಯ್ದೆ. ಗಿರಣಿಗೆ ಸುದ್ದಿ ಬರುತ್ತದೆ, ಗಂಡ ಕೇಳುತ್ತಾರೆ, ನಾನು ತಲೆತಗ್ಗಿಸುತ್ತೇನೆ, ಹೀಗೇ ಮನಸ್ಸಿನಲ್ಲಿ ತಾಲೀಮು ನಡೆಸಿದ್ದೆ. ತಿಂಗಳಾಯಿತು, ಯಾರೂ ಕೇಳಲಿಲ್ಲ. ‘ಫಿಟರ್‌ನ ದೋಣಿಗೆ ಮರ ಬಡೀತಂತಲ್ಲ,’ ಎಂದರು ಗಂಡ, ಅಷ್ಟೇ. ಆಕೆ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆಕೆಯೂ ನನ್ನಂಥವಳೇ ಎಂದುಕೊಳ್ಳಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ. ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಎಂಟು ತಿಂಗಳ ಮೇಲೆ, ಮೊನ್ನೆ ಬುಧವಾರ, ನಮ್ಮ ಕೇಂದ್ರದಲ್ಲಿದ್ದ ಆಯಾ ನಿವೃತ್ತಳಾದಳೆಂದು ದೇವದುರ್ಗದಲ್ಲಿ ಸಣ್ಣ ಸಮಾರಂಭವಿತ್ತು. ಹೋದೆ. ಆಕೆಯೂ ಬಂದಿದ್ದಳು. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು, ಅಂಗೈಯಲ್ಲಿ ಹಗ್ಗದ ಗೆರೆಗಳಿದ್ದವು. ಒಬ್ಬ ಎಳೆಯ ನರ್ಸು ಫೋನಿನಲ್ಲಿ ದೋಣಿಯ ಫೋಟೋ ನೋಡುತ್ತ ಕೇಳಿದಳು: ‘ಇಷ್ಟೆಲ್ಲಾ ಸಾಮಾನು ಯಾವ್ಯಾವುದು ಬೇಕಂತ ಹ್ಯಾಂಗ ಗೊತ್ತಾತ್ರೀ ಸಿಸ್ಟರ್?’

ಆಕೆ ನನ್ನ ಕಡೆ ಕೈ ತೋರಿಸಿದಳು. ‘ಲಿಸ್ಟ್ ಓದಿ ತಿಳಿಸಿ ಹೇಳಿದವರು ಮೇಡಮ್ ಅವರು. ಇಲ್ಲಾಂದ್ರ ನನಗ ತಿಳೀತಿದ್ದಿಲ್ಲ.’

ಅದರಲ್ಲಿ ಕೊಂಕಿರಲಿಲ್ಲ. ನಿಜವಿದ್ದದ್ದನ್ನು ಹೇಳಿದಳು, ಅಷ್ಟೇ. ಎಲ್ಲರೂ ನನ್ನತ್ತ ತಿರುಗಿ ಮೆಚ್ಚಿಗೆಯಿಂದ ನಕ್ಕರು. ಕೈಯಲ್ಲಿ ಮಿರ್ಚಿಯ ತಟ್ಟೆ ಹಿಡಿದು ನಿಂತಿದ್ದೆ. ಆ ನಗುವನ್ನು ಸಹಿಸಲು ನನ್ನಿಂದಾಗಲಿಲ್ಲ.

‘ಲಿಸ್ಟಿನಾಗ ಒಂದು ಬಿಟ್ಟೆ,’ ಎಂದೆ. ‘ಸಣ್ಣ ಎಂಜಿನ್. ಸಿಸ್ಟರ್ ಕೇಳಿದ್ರು, ನಾ ಬೇಕಂತ ಅಳಿಸಿದೆ. ಇವರ ಮ್ಯಾಲಿನ ಹೊಟ್ಟಿಕಿಚ್ಚಿಗೆ. ಅದರಿಂದ ಮೂರು ಮಂದಿ ಹೊಳ್ಯಾಗ ಹೋಗ್ತಿದ್ವಿ.’

ಆಯಾ ತನ್ನ ಹಾರವನ್ನು ಸರಿಮಾಡಿಕೊಂಡಳು. ಎಳೆಯ ನರ್ಸು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಸಿಸ್ಟರ್ ಮಾತ್ರ ಚಹಾ ಮುಗಿಸಿ, ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದಳು.

‘ಈಗ ಹಾಕಿಸೀನಿ ಅದನ್ನ,’ ಎಂದಳು ಎಲ್ಲರಿಗೂ ಕೇಳುವಂತೆ. ಆಮೇಲೆ ನನ್ನ ಪಕ್ಕದಿಂದ ಹಾದು ಹೋಗುವಾಗ ನಿಂತಳು. ‘ಐತವಾರ ಮುಂಜಾನಿ ಎಂಟಕ್ಕ ಬಿಡ್ತೀವಿ. ಬರೂದಿದ್ರ ಬರ್ರಿ ಮೇಡಮ್. ಬರದಿದ್ರೂ ನಡೀತದ.’

ಕ್ಷಮಿಸಿದ್ದಾಳೆಂದು ನಾನು ತಿಳಿದುಕೊಂಡಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೆ ಕರೆಯುತ್ತಿರಲಿಲ್ಲ, ಇದು ಮಾತ್ರ ಖಂಡಿತ. ಅದಕ್ಕೇ ನನ್ನ ಹೊಟ್ಟೆಯ ಕಿಚ್ಚು ಇನ್ನೂ ಆರಿಲ್ಲ.

ಇಂದು ಶನಿವಾರ. ಊಟಕ್ಕೆ ಕುಳಿತಾಗ ಗಂಡ, ನಾಳೆ ಮಧ್ಯಾಹ್ನ ಹತ್ತಿ ವ್ಯಾಪಾರದ ನಾಲ್ಕು ಜನ ಊಟಕ್ಕೆ ಬರುತ್ತಾರೆಂದು ಹೇಳಿದರು. ಹೋಳಿಗೆ ಮಾಡು ಎಂದರು.

‘ನಾಳಿ ನಾ ಮನ್ಯಾಗ ಇರಂಗಿಲ್ಲ,’ ಎಂದೆ.

ತಲೆಯೆತ್ತಿ ನೋಡಿದರು. ‘ಎಲ್ಲಿಗೆ?’

‘ಗೂಗಲ್ಲಿಗೆ.’

‘ನಾಳಿ ಡ್ರೈವರ್ ಇಲ್ಲ.’

‘ಬಸ್ಸದ,’ ಎಂದೆ.